ಸೀಮೆಗಿಲ್ಲದವಳ ರಹದಾರಿ

ಪರದೇಶೀಯರ ಪರಿಶೀಲನಾ ಶಾಖೆಯ ಮಾನ್ಯ ಅಧಿಕಾರಿಗಳ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ಮುಳಬಾಗಿಲು ತಾಲ್ಲೂಕು, ಬೈರಕೂರು ಹೋಬಳಿಯಿಂದ ಹೆಂಚಿನ ವ್ಯಾಪಾರಿ ಕೋದಂಡರಾಮಪ್ಪನು ತಮಗೂ, ತಮ್ಮ ತಲೆಯ ಮೇಲೆ ತಿರುಗಲೋ ಬೇಡವೋ ಎಂದು ವರ್ಷಗಳಿಂದ ಯೋಚಿಸುತ್ತಿರುವ ಫ್ಯಾನಿಗೂ, ನನ್ನ ಹೆಂಡತಿಯ ಕಡತದ ಮೇಲೆ ಕೂತು ಅದು ಗಾಳಿಗೆ ಹಾರದಂತೆಯೂ, ಹಾಗೆಯೇ ಮುಂದಿನ ಮೇಜಿಗೆ ಹೋಗದಂತೆಯೂ ಕಾಪಾಡಿದ ಗಾಜಿನ ಗುಂಡಿಗೂ ಸಲ್ಲಿಸುವ ಅನಂತ ನಮಸ್ಕಾರಗಳು. ಮುಚ್ಚಿ ಅಂಟಿಸಿದ ಪತ್ರಗಳನ್ನು ತೆರೆಯುವ ಪದ್ಧತಿ ತಮ್ಮ ಕಚೇರಿಯಲ್ಲಿ ಇಲ್ಲವೆಂಬುದು ನನ್ನ ಹಿಂದಿನ ಅರ್ಜಿಗಳಿಂದ ಖಾತ್ರಿಯಾಗಿರುವುದರಿಂದ ಈ ಪತ್ರವನ್ನು ತೆರೆದೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ನಾಲ್ಕು ಜನ ಓದಿಕೊಂಡರೆ ಅಷ್ಟರಮಟ್ಟಿಗೆ ತಮ್ಮ ಶ್ರಮ ಕಡಿಮೆಯಾದೀತು.

ಮೊದಲಿಗೆ ನನ್ನ ಪರಿಚಯ. ನಾನು ಮಾಲೂರಿನಿಂದ ಹೆಂಚು ತಂದು ಮುಳಬಾಗಿಲಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಮಾರುವವನು. ತಲೆಯ ಮೇಲೆ ಹೊತ್ತು ಮಾರಿದ ಕಾಲವೂ ಇತ್ತು, ಈಗ ಲಾರಿ ಹೊರುತ್ತದೆ, ನಾನು ಬಾಯಿಯಲ್ಲಿ ಮಾರುತ್ತೇನೆ. ಓದಿದ್ದು ಕಡಿಮೆ, ಒಡೆದ ಹೆಂಚನ್ನೂ ಲೆಕ್ಕಕ್ಕೆ ಹಿಡಿಯುವ ಬುದ್ಧಿ ಮಾತ್ರ ಹೆಚ್ಚು. ನನ್ನ ತಾಯಿ ದೊಡ್ಡಮುನಿಯಮ್ಮ. ಮನೆ ಆಕೆಯ ಹೆಸರಿನಲ್ಲಿದೆ, ಮನೆಯೊಳಗಿನ ಮಾತೂ ಆಕೆಯ ಹೆಸರಿನಲ್ಲೇ ಇದೆ. ನನ್ನ ಹೆಂಡತಿ ಶಾಮಲಮ್ಮ. ಗಡಿಯ ಆಚೆ ಪುಂಗನೂರು ಸೀಮೆಯ ಒಂದು ಹಳ್ಳಿಯವಳು, ಸಿಟ್ಟು ಬಂದರೆ ತೆಲುಗು, ಬರದಿದ್ದರೆ ಕನ್ನಡ, ಅಳು ಬಂದರೆ ಎರಡೂ ಇಲ್ಲ. ಮಾಲೂರಿನ ಹೆಂಚಿನ ಬೆನ್ನಿಗೆ ಅದು ಎಲ್ಲಿ ಹುಟ್ಟಿತೆಂಬ ಮುದ್ರೆ ಇರುತ್ತದೆ. ಹೆಂಡತಿಯ ಬೆನ್ನಿಗೂ ಅಂಥದೊಂದು ಮುದ್ರೆ ಹಾಕಿಸಿಕೊಂಡು ಬರಬೇಕೆಂದು ಮದುವೆಯ ಗಡಿಬಿಡಿಯಲ್ಲಿ ನನಗೆ ಯಾರೂ ನೆನಪಿಸಲಿಲ್ಲ.

ಒಂದು ವರ್ಷ ಸೊಗಡವರೆಯ ಕಾಲದಲ್ಲಿ ಮತದಾರರ ಪಟ್ಟಿ ಸರಿಮಾಡಲೆಂದು ಸರ್ಕಾರವು ನಮ್ಮೂರಿಗೆ ಒಬ್ಬ ಮೇಷ್ಟ್ರನ್ನು ಕಳಿಸಿತು. ಹೊಸದಾಗಿ ವರ್ಗವಾಗಿ ಬಂದವರು, ಬಹಳ ಪ್ರಾಮಾಣಿಕರು. ಜನರ ಮಾತನ್ನು ಕಿವಿಯಿಂದ ಕೇಳದೆ ನೇರವಾಗಿ ಪೆನ್ನಿನಿಂದಲೇ ಕೇಳುತ್ತಿದ್ದರು. ಶಾಮಲಮ್ಮ ಹಿಪ್ಪುನೇರಳೆ ಸೊಪ್ಪಿಗೆ ಹೋಗಿದ್ದಳು. ನಮ್ಮಮ್ಮ ಜಗಲಿಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು. ಹಿಂದಿನ ದಿನವಷ್ಟೇ ಆಕೆಯ ಹಿತಕಿದವರೆ ಸಾರಿಗೆ ಸೊಸೆಯು ತನ್ನ ತವರಿನ ರೂಢಿಯಂತೆ ಹುಣಸೇಹಣ್ಣಿನ ರಸ ಹಿಂಡಿದ್ದಳೆಂಬ ಸಂಗತಿಯನ್ನು ತಾವು ಇಲ್ಲಿ ಗಮನಕ್ಕೆ ತಂದುಕೊಳ್ಳಬೇಕು, ಏಕೆಂದರೆ ಮೇಷ್ಟ್ರು ತಂದುಕೊಳ್ಳಲಿಲ್ಲ. ಅವರು ಪಟ್ಟಿ ಬಿಡಿಸಿ “ಸೊಸೆ ಯಾವ ಸೀಮೆಯವರಮ್ಮಾ?” ಎಂದು ವಿನಯದಿಂದ ಕೇಳಿದರು. ನಮ್ಮಮ್ಮ ಕಾಳಿನಿಂದ ತಲೆಯೆತ್ತದೆ, “ಅವಳಾ? ಅವಳು ಸೀಮೆಗಿಲ್ಲದೋಳು ಕಣಪ್ಪಾ, ಬರ್ಕೋ” ಎಂದಳು.

ಬರೆದುಕೊಂಡರು.

ಮಾನ್ಯರೇ, ನಮ್ಮ ಕಡೆ ಈ ಮಾತನ್ನು ಹೊಸ ಸೀರೆ ಉಟ್ಟು ಕನ್ನಡಿ ನೋಡಿಕೊಂಡವಳಿಗೂ ಅನ್ನುತ್ತಾರೆ, ಹಾಲು ಕೊಡುವಾಗ ಒದೆಯುವ ಎಮ್ಮೆಗೂ ಅನ್ನುತ್ತಾರೆ. ಇಂಥವಳು ಇಡೀ ಸೀಮೆಯಲ್ಲಿ ಇಲ್ಲ ಎಂಬ ಮೆಚ್ಚುಗೆಯ ಒಳಗೆ ಬೈಗುಳವನ್ನು ಮಡಿಸಿಟ್ಟ ಮಾತು ಅದು. ಆದರೆ ಮೇಷ್ಟ್ರ ಪೆನ್ನಿನಲ್ಲಿ ಮಡಿಕೆಗೆ ಜಾಗವಿರಲಿಲ್ಲ. ಹೆಸರು ಶಾಮಲಮ್ಮ, ಸೀಮೆ ಇಲ್ಲ. ತಾಲ್ಲೂಕಿನವರು ಇದನ್ನು ತಿದ್ದಿ ‘ಈ ಸೀಮೆಯವರಲ್ಲ’ ಎಂದು ಮಾಡಿದರು. ಜಿಲ್ಲೆಯವರು ಭಾಷೆಯನ್ನು ಇನ್ನಷ್ಟು ಗಂಭೀರಗೊಳಿಸಿ ‘ಈ ದೇಶದ ಎಲ್ಲೆಗೆ ಸೇರದವರು’ ಎಂದರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಘನತೆ ಪಡೆಯುತ್ತ ತಮ್ಮ ಶಾಖೆಗೆ ಬರುವಷ್ಟರಲ್ಲಿ ನನ್ನ ಹೆಂಡತಿ ರಾಷ್ಟ್ರೀಯತೆ ತಿಳಿಯದ ಪರದೇಶೀಯಳಾಗಿದ್ದಳು. ಒಂದು ಹಿಡಿ ಹುಣಸೇಹಣ್ಣು ಇಷ್ಟು ದೂರ ಪ್ರಯಾಣ ಮಾಡಿದ್ದು ಪೇಟೆಯಲ್ಲೂ ನಾನು ಕಂಡಿಲ್ಲ.

ತಮ್ಮ ಮೊದಲ ನೋಟೀಸು ತಲುಪಿದಾಗ ಊರೇ ನಮ್ಮ ಜಗಲಿಗೆ ಬಂತು. ಪಾಸ್‌ಪೋರ್ಟು ಮತ್ತು ವೀಸಾ ಸಮೇತ ಹಾಜರಾಗತಕ್ಕದ್ದು ಎಂದು ಅದರಲ್ಲಿ ಇತ್ತು. ನಾವು ಮದುವೆಯ ಲಗ್ನಪತ್ರಿಕೆ ಮತ್ತು ಒಂದು ಬುಟ್ಟಿ ಸಪೋಟ ಹಣ್ಣಿನ ಸಮೇತ ಹಾಜರಾದೆವು. ತಮ್ಮ ಗುಮಾಸ್ತರು ಹಣ್ಣನ್ನು ಒಳಗಿಟ್ಟು ಪತ್ರಿಕೆಯನ್ನು ಹಿಂತಿರುಗಿಸಿ ಫಾರಂ ತುಂಬಿಸತೊಡಗಿದರು. ಭಾರತವನ್ನು ಪ್ರವೇಶಿಸಿದ ಮಾರ್ಗ ಯಾವುದು, ವಿಮಾನವೋ ಹಡಗೋ ಎಂದು ಕೇಳಿದಾಗ ಶಾಮಲಮ್ಮ ಸತ್ಯವನ್ನೇ ಹೇಳಿದಳು: ನಂಗಲಿ ಚೆಕ್‌ಪೋಸ್ಟ್ ಮೇಲೆ, ತನ್ನ ಸೋದರಮಾವ ಪೆದ್ದಪ್ಪನ ಎತ್ತಿನ ಗಾಡಿಯಲ್ಲಿ. ಗಡಿಯಲ್ಲಿ ತಪಾಸಣೆ ನಡೆಯಿತೇ ಎಂದದ್ದಕ್ಕೂ ನಡೆಯಿತೆಂದಳು. ಅಕ್ಕಿ ಸಾಗಣೆಗೆ ತಡೆಯಿದ್ದ ಕಾಲ ಅದು. ನಾಕಾದವರು ಹುಲ್ಲಿನೊಳಗೆ ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ಅಕ್ಕಿಯಿದೆಯೇ ಎಂದು ನೋಡಿದರೇ ಹೊರತು, ಹುಲ್ಲಿನ ಮೇಲೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಹೆಣ್ಣನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆಗಲೇ ತಮ್ಮಂಥವರೊಬ್ಬರು ಅಲ್ಲಿ ಮೇಜು ಹಾಕಿಕೊಂಡು ಕೂತಿದ್ದರೆ ನನ್ನ ಬಾಳು ಎಷ್ಟು ಕ್ರಮಬದ್ಧವಾಗಿರುತ್ತಿತ್ತು! ಕಡೆಯ ಪ್ರಶ್ನೆ, ಎಷ್ಟು ಕಾಲ ತಂಗುವ ಉದ್ದೇಶ? ಶಾಮಲಮ್ಮ ನನ್ನ ಮುಖವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಈಯಪ್ಪ ಇರೋವರೆಗೂ ಅಂತ ಹಾಕಿ, ಆಮೇಲಿಂದು ನೋಡ್ಕೊಂಡ್ರಾಯ್ತು” ಎಂದಳು. ತಾವು ಆಗ ‘ನೋಡೋಣ’ ಎಂದಿರಿ. ಅದು ತಮ್ಮ ಬಾಯಿಂದ ನಾವು ಕೇಳಿದ ಮೊದಲ ‘ನೋಡೋಣ’. ಮುಂದೆ ಎಷ್ಟು ಕೇಳಿದೆವೆಂದರೆ, ಶಾಮಲಮ್ಮನ ಕನ್ನಡದಲ್ಲಿ ಆ ಒಂದು ಶಬ್ದದ ಉಚ್ಚಾರ ಮಾತ್ರ ಈಗ ಸರ್ಕಾರಿ ಗುಣಮಟ್ಟದ್ದಾಗಿದೆ.

ಇಲ್ಲೊಂದು ಸಣ್ಣ ಹೊಟ್ಟೆಯುರಿಯನ್ನು ನಿವೇದಿಸಿಕೊಳ್ಳುತ್ತೇನೆ. ನಮ್ಮ ಕೊಟ್ಟಿಗೆಯಲ್ಲಿ ಒಂದು ಸೀಮೆಹಸು ಇದೆ. ಅದರ ತಂದೆ ಡೆನ್ಮಾರ್ಕಿನವನೆಂದು ಪಶುವೈದ್ಯರು ಅದರ ಮುಂದೆಯೇ ಹೇಳಿದ್ದಾರೆ, ಅದು ನಾಚಿಕೊಳ್ಳಲಿಲ್ಲ. ಅದಕ್ಕೆ ಬ್ಯಾಂಕಿನ ಮನ್ನಣೆ ಇದೆ, ವಿಮೆ ಇದೆ, ಕಿವಿಗೆ ಬಿಲ್ಲೆ ಇದೆ. ಬಸುರಾದಾಗ ಸರ್ಕಾರದವರು ಬೈಸಿಕಲ್ ಮೇಲೆ ಬಂದು ವಿಚಾರಿಸಿಕೊಂಡು ಹೋದರು. ಒಬ್ಬರೂ ಅದರ ವೀಸಾ ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಸೀಮೆಯದು ಸುಖವಾಗಿ ಮೆಲುಕು ಹಾಕುತ್ತಿರುವಾಗ, ಅದಕ್ಕೆ ಹುಲ್ಲು ಹಾಕುವ ಸೀಮೆಗಿಲ್ಲದವಳು ಮಾತ್ರ ವರ್ಷಕ್ಕೊಮ್ಮೆ ಕೋಲಾರದ ಬಸ್ಸು ಹತ್ತಿ ವಾಸದ ಪರವಾನಗಿಯನ್ನು ಮುಂದುವರಿಸಿಕೊಂಡು ಬರಬೇಕಾಯಿತು.

ಪರವಾನಗಿಯ ಜೊತೆಗೆ ತಾವು ದಯಪಾಲಿಸಿದ ಕಾನ್‌ಸ್ಟೇಬಲ್ ಮುನಿಶಾಮಿಯವರನ್ನು ಹೊಗಳದೆ ಮುಂದೆ ಹೋಗಲಾರೆ. ತಿಂಗಳಿಗೊಮ್ಮೆ ಬಂದು ಬೈಸಿಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ “ಅಮ್ಮಾ, ಫಾರಿನರ್ ಇದಾರಾ?” ಎಂದು ಕೂಗುತ್ತಿದ್ದರು. ನಮ್ಮಮ್ಮನಿಗೆ ಮೊದಮೊದಲು ಇದು ಬಲು ಹಿಡಿಸಿತು. ಸೊಸೆ ಎಲ್ಲಿಗೆ ಹೋದಳು, ಯಾವಾಗ ಬಂದಳು ಎಂದು ಬಾಯಿ ನೋಯಿಸಿಕೊಳ್ಳುತ್ತಿದ್ದ ಕೆಲಸವನ್ನು ಈಗ ಸರ್ಕಾರವೇ ಯೂನಿಫಾರಂ ಹಾಕಿಕೊಂಡು ಮಾಡುತ್ತಿತ್ತಲ್ಲ! ಆದರೆ ಪರದೇಶೀಯರನ್ನು ಇರಿಸಿಕೊಂಡ ಮನೆಯೊಡೆಯರು ವಸತಿಗೃಹದ ಮಾಲೀಕರಂತೆ ಹೆಬ್ಬೆಟ್ಟು ಒತ್ತತಕ್ಕದ್ದೆಂದು ಮುನಿಶಾಮಿಯವರು ಶಾಯಿಯ ಡಬ್ಬಿ ತೆಗೆದ ದಿನ ಆಕೆ ಸೆಟೆದು ನಿಂತಳು. ಮನೆತನಸ್ಥರ ಮನೆಯನ್ನು ಲಾಡ್ಜು ಅನ್ನುವುದೇ? ಅದೂ ಕಾಗದದ ತುದಿಯಲ್ಲಿ ಒಳಗಿರುವವಳನ್ನು ಪರದೇಶಿ ಎಂದು ಬರೆದಿದೆ! “ಗಂಡ ಬದುಕಿದಾನೆ, ಅತ್ತೆ ಬದುಕಿದೀನಿ, ಹೊತ್ತೊತ್ತಿಗೆ ಮುದ್ದೆ ಇಕ್ತೀವಿ, ಅದೆಂಗ್ಲಾ ಪರದೇಶಿ ಆಗ್ತಾಳೆ?” ಎಂದು ಗದರಿದಳು. ಮುನಿಶಾಮಿಯವರು ಇಲಾಖೆಯ ಶಬ್ದಕ್ಕೂ ಊರಿನ ಶಬ್ದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುತ್ತ ಎರಡು ಲೋಟ ಮಜ್ಜಿಗೆ ಕುಡಿದರು. ಆಕೆ ಹೆಬ್ಬೆಟ್ಟು ಒತ್ತಿದಳು, ಆದರೆ ಆ ಬೆರಳನ್ನು ಸೊಸೆಯ ಸೆರಗಿಗೆ ಒರೆಸಿಕೊಂಡಳು.

ಶಾಮಲಮ್ಮನಿಗೂ ಇದರಿಂದ ಲಾಭ ಆಗಲಿಲ್ಲವೆಂದು ಹೇಳಿದರೆ ನಾನು ವ್ಯಾಪಾರಸ್ಥನಲ್ಲ. ಊರಿನ ಹೆಂಗಸರು ಫಾರಿನ್ ಅಕ್ಕ, ಸೆಂಟು ಇದೆಯಾ, ನೈಲಾನ್ ಸೀರೆ ಇದೆಯಾ ಎಂದು ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಈಕೆ ಬೇಲಿಯಲ್ಲಿ ಬೆಳೆದ ಸೀಮೆಬದನೆಯನ್ನು ಬಹಳ ಗೌರವದಿಂದ ಕಿತ್ತುಕೊಡುತ್ತಿದ್ದಳು. ನಗುನಗುತ್ತಲೇ ಕೊಡುತ್ತಿದ್ದಳು. ಆದರೆ ಮತ ಹಾಕುವ ದಿನ ಇಡೀ ಊರು ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದಾಗ, ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಬಹಳ ಹೊತ್ತು ಕೊಟ್ಟಿಗೆಯಲ್ಲೇ ಇದ್ದಳು. ನಾನು ನನ್ನ ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಊಟ ಮಾಡಿದೆ, ಎಡಗೈ ಆದ್ದರಿಂದ ತೊಂದರೆಯಾಗಲಿಲ್ಲ.

ಆಮೇಲೆಯೇ ನಾನು ಪೌರತ್ವದ ಅರ್ಜಿ ಗುಜರಾಯಿಸಿದ್ದು. ಭಾರತೀಯನ ಹೆಂಡತಿಯಾದ್ದರಿಂದ ದಾರಿಯುಂಟು ಎಂದು ತಾವು ಬಹಳ ಉದಾರವಾಗಿ ಹೇಳಿ, ಅದಕ್ಕೆ ಮೊದಲು ಆಕೆ ತನ್ನ ಹಿಂದಿನ ದೇಶದ ಪೌರತ್ವವನ್ನು ಬಿಟ್ಟುಕೊಟ್ಟಳೆಂದು ಆ ದೇಶದ ರಾಯಭಾರ ಕಚೇರಿಯಿಂದ ಪತ್ರ ತರಬೇಕೆಂದಿರಿ. ಇಲ್ಲದ ಸೀಮೆಯ ರಾಯಭಾರಿ ಎಲ್ಲಿ ಸಿಗುತ್ತಾರೆಂದು ಕೇಳಿದ್ದಕ್ಕೆ ಅದನ್ನು ಹುಡುಕುವುದು ಅರ್ಜಿದಾರರ ಜವಾಬ್ದಾರಿ ಎಂದಿರಿ. ನಾವು ಹುಡುಕುವ ಬದಲು ಆಕೆಯ ತವರಿಗೆ ಹೋದೆವು. ಇಲ್ಲಿಯೇ ಹುಟ್ಟಿದಳೆಂದು ಒಂದು ಚೀಟಿ ಕೊಡಿ ಎಂದು ಆ ಊರಿನ ಹಿರಿಯ ಗಂಗುಲಪ್ಪನವರ ಮುಂದೆ ಕೈಜೋಡಿಸಿದೆ. ಅವರು ಎಳನೀರು ಕೊಟ್ಟರು, ಶಾಮಲಮ್ಮನ ತಲೆ ಸವರಿದರು, ಆಕೆ ಹುಟ್ಟಿದ ದಿನ ಯಾರ ಮನೆಯ ಹಸು ಕರು ಹಾಕಿತೆಂಬುದನ್ನೂ ಹೇಳಿದರು. ಚೀಟಿ ಮಾತ್ರ ಕೊಡಲಿಲ್ಲ. “ಇಚ್ಚೇಸಿನ ಪಿಲ್ಲ ನಾಯನಾ, ಇಂಕ ಮಾದಿ ಕಾದು” ಎಂದರು. ಕೊಟ್ಟುಬಿಟ್ಟ ಹುಡುಗಿ, ಇನ್ನು ನಮ್ಮವಳಲ್ಲ. ಬೇಕಾದರೆ ಒಂದು ಸೀರೆ ಕೊಡಬಹುದು, ಊರನ್ನು ಕೊಡಲಾಗದು ಎಂಬುದು ಅವರ ಕಾನೂನು.

ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಲೆಕ್ಕ ಹಾಕಿದೆ: ಕೊಟ್ಟವರು ಖರ್ಚಿನ ಕಡೆ ಬರೆದಿದ್ದಾರೆ, ತಂದವರು ಜಮೆಯ ಕಡೆ ಬರೆದಿಲ್ಲ. ಹಾಗಾದರೆ ಮಾಲು ಎಲ್ಲಿದೆ? ನಮ್ಮಮ್ಮ ಹೇಳಿದ್ದೇ ನಿಜವಿರಬಹುದೇ ಎಂಬ ಅನುಮಾನ ನನಗೆ ಮೊದಲ ಬಾರಿಗೆ ಬಂದದ್ದು ಆಗ.

ತಾವು ಕಡೆಗೊಂದು ಕೃಪೆ ಮಾಡಿದಿರಿ. ಗಂಡನ ಮನೆಯ ಹಿರಿಯರು ಕಚೇರಿಗೆ ಖುದ್ದಾಗಿ ಬಂದು, ಒತ್ತಾಯವಿಲ್ಲದೆ, ಸ್ವಂತ ಬಾಯಿಂದ ‘ಈಕೆ ನಮ್ಮವಳು’ ಎಂದು ಹೇಳಿಕೆ ಕೊಟ್ಟರೆ ಸಾಕು. ಕೊಡದಿದ್ದರೆ ಪರವಾನಗಿ ಮುಗಿದ ದಿನ ದೇಶ ಬಿಡತಕ್ಕದ್ದು. ಮಾನ್ಯರೇ, ತಾವು ಬ್ರಹ್ಮಚಾರಿಗಳಲ್ಲವೆಂದು ನಂಬಿದ್ದೇನೆ. ಆದರೂ ಇಂಥ ಷರತ್ತು ಹಾಕಿದಿರಲ್ಲ! ರಾಯಭಾರ ಕಚೇರಿಯನ್ನೇ ಹುಡುಕಬಹುದಿತ್ತು. ನಮ್ಮಮ್ಮ ಶಾಮಲಮ್ಮನನ್ನು ಇಷ್ಟು ವರ್ಷ ‘ಇವಳು’, ‘ಅವಳು’, ‘ನಿನ್ನೆಂಡ್ತಿ’, ‘ಪುಂಗನೂರಮ್ಮ’ ಎಂದಿದ್ದಾಳೆ, ಜ್ವರ ಬಂದಾಗ ಮಗುವಿನಂತೆ ಆರೈಕೆ ಮಾಡಿದ್ದಾಳೆ. ಆ ಒಂದು ಶಬ್ದವನ್ನು ಮಾತ್ರ ಅನ್ನಲಿಲ್ಲ. ಈಗಲೂ, “ಹೋಗ್ತೀನಿ, ಬರ್ತೀನಿ, ಹೆಬ್ಬೆಟ್ಟು ಒತ್ತು ಅಂದ್ರೆ ಒತ್ತೀನಿ, ಹೇಳು ಅಂದ್ರೆ ಹೇಳಾಕಾಗಲ್ಲ ಕಣೋ. ಮನಸಿಗೆ ಬರದೇ ಇರೋದು ಬಾಯಿಗೆ ಬರ್ತದಾ?” ಎಂದಳು. ನೀನಾದರೂ ಒಂದು ಮಾತು ಕೇಳೇ ಎಂದು ಶಾಮಲಮ್ಮನನ್ನು ಬೇಡಿಕೊಂಡರೆ ಆಕೆ “ನೇನಡಗನು” ಎಂದಳು. ನಾನು ಕೇಳುವುದಿಲ್ಲ. ಕೇಳಿ ಪಡೆದರೆ ಅದು ಸಾಲ, ಅದನ್ನು ಈ ಮನೆಯಲ್ಲಿ ನಾನು ಯಾವ ಮುಖದಿಂದ ತೀರಿಸಲಿ? ಎಂದು ತನ್ನ ಟ್ರಂಕನ್ನು ಕೆಳಗಿಳಿಸಿ ಧೂಳು ಒರೆಸಿದಳು. ಆ ಟ್ರಂಕನ್ನು ನಮ್ಮಮ್ಮ ದಾಟಿಕೊಂಡು ಓಡಾಡಿದಳೇ ಹೊರತು ಮೇಲಕ್ಕೆ ಇಡು ಎನ್ನಲಿಲ್ಲ.

ವಿಚಾರಣೆಯ ದಿನ ತಮಗೆ ನೆನಪಿರಬೇಕು. ಕುರುಡುಮಲೆ ಗಣಪನಿಗೆ ಕಾಯಿ ಒಡೆದು, ಮೂವರೂ ಒಂದೇ ಬಸ್ಸಿನ ಮೂರು ಮೂಲೆಯಲ್ಲಿ ಕೂತು ಕೋಲಾರಕ್ಕೆ ಬಂದೆವು. ತಮ್ಮ ಪಡಸಾಲೆಯ ಬೆಂಚಿನ ಮೇಲೆ ನಮ್ಮಮ್ಮ ಈ ತುದಿಗೆ, ಶಾಮಲಮ್ಮ ಆ ತುದಿಗೆ. ಮಧ್ಯೆ ನಾನು, ತುಂಡಾಗದ ಹಾಗೆ ಎರಡೂ ಕಡೆ ಹುಲ್ಲು ಹಾಕಿದ ಹೆಂಚಿನಂತೆ. ಆಗ ತಮ್ಮ ಜವಾನರು ಕಡತದ ತಲೆಬರಹದಲ್ಲಿ ಇನ್ನೂ ಉಳಿದಿದ್ದ ಮೇಷ್ಟ್ರ ‘ಸೀಮೆ ಇಲ್ಲ’ವನ್ನು ನೋಡಿಕೊಂಡು, ಬಾಗಿಲಿಂದ ಇಡೀ ಪಡಸಾಲೆಗೆ ಕೇಳುವಂತೆ, “ಯಾರಮ್ಮಾ ಸೀಮೆಗಿಲ್ಲದೋಳು? ಒಳಗೆ ಬಾ” ಎಂದು ಕೂಗಿದರು. ಬೆಂಚಿನ ಮೇಲಿದ್ದ ಹತ್ತಾರು ಜನ ನಕ್ಕರು. ಶಾಮಲಮ್ಮ ಏಳಲಿಲ್ಲ.

ನಮ್ಮಮ್ಮ ಎದ್ದಳು. “ಯಾವನ್ಲಾ ಅದು ಸೀಮೆಗಿಲ್ಲದೋಳು ಅಂದಿದ್ದು? ಹಂಗನ್ನಾಕೆ ನೀನೇನು ಅವಳ ಅತ್ತೆಯೇನ್ಲಾ? ಅನ್ನೋಳು ನಾನಿದೀನಿ! ಎದ್ದಾಗ ಅಂತೀನಿ, ಉಣ್ಣಾಗ ಅಂತೀನಿ. ನಮ್ಮೋಳು ಅಂತ್ಲೇ ಅಂತೀನಿ ಕಣೋ! ನಿಂಗೇನೋ ಅವಳ ಮೇಲೆ ಹಕ್ಕು?” ಎಂದು ಜವಾನರನ್ನು ಬಾಗಿಲಿಂದ ಒಳಕ್ಕೆ, ಒಳಗಿಂದ ತಮ್ಮ ಮೇಜಿನ ಹಿಂದಕ್ಕೆ ಅಟ್ಟಿಕೊಂಡು ಬಂದಳು. ತಮ್ಮ ಸೇವಾವಧಿಯಲ್ಲಿ ತಾವು ಮಾಡಿದ ಏಕೈಕ ಚುರುಕಿನ ಕೆಲಸವನ್ನು ನಾನು ಸಾಯುವವರೆಗೂ ಮರೆಯಲಾರೆ: ತಾವು ಪೆನ್ನಿನ ಮುಚ್ಚಳ ತೆಗೆದು, “ನಮ್ಮೋಳು ಅಂದಿರಾ ಅಮ್ಮಾ?” ಎಂದಿರಿ. ನಮ್ಮಮ್ಮ ನಿಂತುಬಿಟ್ಟಳು. ಸೊಸೆಯನ್ನು ನೋಡಿದಳು. ಸೊಸೆ ಬಾಗಿಲ ಹೊಸ್ತಿಲಲ್ಲಿ ನಿಂತು ಫ್ಯಾನನ್ನು ನೋಡುತ್ತಿದ್ದಳು. ಕಣ್ಣು ತುಂಬಿದವರು ನೋಡಲು ಅದು ಯೋಗ್ಯವಾದ ಫ್ಯಾನು. “ಅಂದೆ,” ಎಂದಳು ನಮ್ಮಮ್ಮ, “ಅಂದಿದ್ದಾಯ್ತು ಬಿಡು. ಆದ್ರೆ ಹಿತಕಿದವರೆಗೆ ಹುಣಸೇಹಣ್ಣು ಹಾಕೋದು ಮಾತ್ರ ನಾನು ಒಪ್ಪಿಲ್ಲ. ಅದನ್ನೂ ಬರ್ಕೋ.”

ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಒಂದು ಮೊಳ ಕನಕಾಂಬರ ಕೊಂಡು, “ಹಿಡ್ಕೋ, ನನ್ ಕೈ ಬಿಸಿ, ಬಾಡೋಗ್ತದೆ” ಎಂದು ಶಾಮಲಮ್ಮನ ಕೈಗೆ ಕೊಟ್ಟಳು. ಮುಡಿದುಕೋ ಎನ್ನಲಿಲ್ಲ. ಮುಳಬಾಗಿಲು ಬರುವಷ್ಟರಲ್ಲಿ ಹೂವು ಜಡೆಯಲ್ಲಿತ್ತು. ಮನೆಗೆ ಬಂದು ಟ್ರಂಕನ್ನು ಅಟ್ಟಕ್ಕೇರಿಸಿದವನು ನಾನು.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಪತ್ರವನ್ನು ಹಾರದ ಜೊತೆ ಕಳಿಸುತ್ತಿದ್ದೆ. ಆದರೆ ಕಳೆದ ವಾರ ಮುನಿಶಾಮಿಯವರು ಎರಡು ಲಕೋಟೆ ತಂದರು. ಒಂದರಲ್ಲಿ ಶಾಮಲಮ್ಮನ ಪೌರತ್ವದ ಪ್ರಮಾಣಪತ್ರ. ಸಿಂಹದ ಮುದ್ರೆ, ತಮ್ಮ ಸಹಿ, ಎಲ್ಲ ಸೊಗಸಾಗಿದೆ. ಇನ್ನೊಂದು ನಮ್ಮಮ್ಮನ ಹೆಸರಿಗೆ. ಅದರಲ್ಲಿ ತಾವು ಹೀಗೆ ಅಪ್ಪಣೆ ಕೊಡಿಸಿದ್ದೀರಿ: ಸಾಕ್ಷಿಯಾದ ದೊಡ್ಡಮುನಿಯಮ್ಮನವರು ಅರ್ಜಿದಾರಳನ್ನು ತಮ್ಮವಳೆಂದು ಸ್ವಂತ ಬಾಯಿಂದ ಒಪ್ಪಿರುವುದರಿಂದ ಇಬ್ಬರೂ ಒಂದೇ ಸೀಮೆಯವರೆಂದು ಸಿದ್ಧಪಟ್ಟಿರುತ್ತದೆ, ಹೇಳಿಕೆ ನೀಡಿದ ದಿನಾಂಕದಂದು ಅರ್ಜಿದಾರಳಿಗೆ ಯಾವ ಸೀಮೆಯೂ ಇರಲಿಲ್ಲವಾದ್ದರಿಂದ ಸಾಕ್ಷಿಗೂ ಇರತಕ್ಕದ್ದಲ್ಲ, ಅರ್ಜಿದಾರಳು ತದನಂತರ ಭಾರತೀಯಳಾಗಿದ್ದು ಸಾಕ್ಷಿಯು ಈವರೆಗೆ ಅರ್ಜಿಯನ್ನೇ ಸಲ್ಲಿಸಿರುವುದಿಲ್ಲ, ಕಾರಣ, ಪಾಸ್‌ಪೋರ್ಟು ಮತ್ತು ವೀಸಾ ಸಮೇತ ಹಾಜರಾಗತಕ್ಕದ್ದು, ಅಥವಾ ಅದೇ ಮನೆಯಲ್ಲಿ ವಾಸವಿರುವ ಭಾರತೀಯ ಪ್ರಜೆಯಾದ ಹೆಂಗಸೊಬ್ಬರು ಕಚೇರಿಗೆ ಬಂದು ‘ಈಕೆ ನಮ್ಮವರು’ ಎಂದು ಹೇಳಿಕೆ ಕೊಡತಕ್ಕದ್ದು.

ನಮ್ಮ ಮನೆಯಲ್ಲಿ ಅಂಥ ಹೆಂಗಸು ಒಬ್ಬಳೇ ಇದ್ದಾಳೆ.

ನಾನು ಇದನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ ಒಲೆಯ ಮೇಲೆ ಹಿತಕಿದವರೆ ಸಾರು ಕುದಿಯುತ್ತಿತ್ತು. ನಮ್ಮಮ್ಮ ಸೊಸೆಯ ಕಡೆಗೆ ನೋಡಿ, ಇದುವರೆಗೆ ನಾನು ಕೇಳಿರದ ಮೆತ್ತಗಿನ ದನಿಯಲ್ಲಿ, “ಏನಂತೀಯೇ ಶಾಮಲೂ?” ಎಂದಳು. ಶಾಮಲಮ್ಮ ಕೈ ಒರೆಸಿಕೊಂಡು ಬಂದು ತನ್ನ ಪ್ರಮಾಣಪತ್ರವನ್ನು ಎತ್ತಿಕೊಂಡಳು, ದೇವರ ಪಟದ ಹಿಂದೆ ಸಿಕ್ಕಿಸಿದಳು, ಮತ್ತೆ ಒಲೆಯ ಮುಂದೆ ಕೂತು, “ಚೂದ್ದಾಂ” ಎಂದಳು. ನೋಡೋಣ. ಅಷ್ಟಂದು, ಹುಣಸೇಹಣ್ಣು ನೆನೆಸಿದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ರಾತ್ರಿ ನಮ್ಮಮ್ಮ ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡಳು.

ಆದ್ದರಿಂದ ಮಾನ್ಯರೇ, ತಮ್ಮ ಆದೇಶವನ್ನು ಕೂಡಲೇ ಹಿಂತೆಗೆದುಕೊಳ್ಳಬೇಕೆಂದು ಕೇಳಲು ಬರೆಯತೊಡಗಿದ ಈ ಪತ್ರವನ್ನು ಬರೆಯುತ್ತ ಬರೆಯುತ್ತ ನನ್ನ ಕೋರಿಕೆ ತುಸು ಬದಲಾಗಿದೆ. ನಂಗಲಿ ಚೆಕ್‌ಪೋಸ್ಟಿನಲ್ಲಿ ಅಕ್ಕಿಗೊಂದು, ಸೊಸೆಯಂದಿರಿಗೊಂದು ಪ್ರತ್ಯೇಕ ಸಾಲು ಮಾಡಬೇಕು. ಇಲ್ಲದ ಸೀಮೆಯ ರಾಯಭಾರ ಕಚೇರಿಯನ್ನು ನಮ್ಮ ಜಗಲಿಯ ಮೇಲೆಯೇ ತೆರೆದು, ಈಗ ಕೆಲಸವಿಲ್ಲದೆ ಕೂತಿರುವ ನಮ್ಮಮ್ಮನನ್ನು ಅದಕ್ಕೆ ನೇಮಿಸಬೇಕು. ಸೀಮೆಹಸುವಿನ ಕಡತಕ್ಕೆ ಮಾತ್ರ ಕೈ ಹಾಕಬಾರದು, ಅದು ಗಬ್ಬವಾಗಿದೆ. ಇವೆಲ್ಲ ಕಷ್ಟವೆನಿಸಿದರೆ ಒಂದನ್ನಾದರೂ ನಡೆಸಿಕೊಡಿ, ಅದು ತಮಗೆ ನೀರು ಕುಡಿದಷ್ಟು ಸುಲಭ: ನಮ್ಮಮ್ಮನ ವಿಚಾರಣೆಯಲ್ಲಿ ದಯಮಾಡಿ ಅವಸರ ಮಾಡಬೇಡಿ. ಕಡತದ ಮೇಲೆ ಆ ಗಾಜಿನ ಗುಂಡನ್ನು ಇಡಿ. ಗುಮಾಸ್ತರನ್ನು ಶ್ರೀನಿವಾಸಪುರದ ಮಾವಿನ ಸುಗ್ಗಿಗೆ ರಜೆಯ ಮೇಲೆ ಕಳಿಸಿ. ಕಾಗದಗಳನ್ನು ಒಮ್ಮೆ ಕಳೆಯಿರಿ, ಸಿಕ್ಕರೆ ಮತ್ತೊಮ್ಮೆ ಕಳೆಯಿರಿ. ಮನೆಯಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕಾಳು ಹಿತುಕುತ್ತ ತಮ್ಮನ್ನು ಒಟ್ಟಾಗಿ ಬೈಯತೊಡಗಿದ್ದಾರೆ. ಅಂಥ ಇಂಪಾದ ಸದ್ದನ್ನು ನಮ್ಮ ಜಂತೆಗಳು ಈವರೆಗೆ ಕೇಳಿರಲಿಲ್ಲ.

ಮುಂದಿನ ನೋಟೀಸು ನನ್ನ ಹೆಸರಿಗೆ ಬರುವವರೆಗಾದರೂ ಈ ದೇಶದವನೆಂದು ನಂಬಿರುವ,

ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ,
ಹೆಂಚಿನ ವ್ಯಾಪಾರಿ, ಬೈರಕೂರು ಹೋಬಳಿ

ವಿ.ಸೂ.: ತಮ್ಮ ತಾಯಿಯವರು ತಮ್ಮ ಜೊತೆಯಲ್ಲೇ ಇದ್ದಾರೆಂದು ಮುನಿಶಾಮಿಯವರಿಂದ ತಿಳಿಯಿತು, ಬಹಳ ಸಂತೋಷ. ಇಂದು ಸಂಜೆ ಮನೆಗೆ ಹೋದಾಗ, ಒಳಗೆ ತಮ್ಮ ಮನೆಯವರು ಕೇಳಿಸಿಕೊಳ್ಳದಂತೆ, ‘ಅಮ್ಮಾ, ನಿನ್ನ ಸೊಸೆ ಯಾವ ಸೀಮೆಯವಳು?’ ಎಂದು ಅವರನ್ನು ಒಮ್ಮೆ ಕೇಳಿ ನೋಡಿ. ಉತ್ತರವನ್ನು ಎಲ್ಲಿಯೂ ಬರೆದುಕೊಳ್ಳಬೇಡಿ.